ಹಸಿರು ನೋಡಿ ಇಳುವರಿ ಹೇಳಬಹುದೇ?

ಪಾವಗಡದ ಕಡೆ ಕಡಲೆಕಾಯಿ ಗಿಡ ಹಚ್ಚಗೆ ಹಬ್ಬಿದ್ದರೂ ಕಿತ್ತರೆ ಬುಡದಲ್ಲಿ ಕಾಯಿ ಇಲ್ಲದ ವರ್ಷಗಳುಂಟು. ಕಾಯಿ ಕಟ್ಟಲು ಹೂವಿನ ತೊಟ್ಟು ಮಣ್ಣಿಗಿಳಿಯುವ ಹೊತ್ತಿಗೆ ಮಳೆ ಕೈಕೊಟ್ಟಿರುತ್ತದೆ. ಎಲೆಯ ಲೆಕ್ಕದಿಂದ ಇಳುವರಿ ಊಹಿಸುವ ವಿಜ್ಞಾನ ತಡವರಿಸುವುದು ಇಲ್ಲೇ.

ಲೆಕ್ಕವೇನೋ ಹಳೆಯದು. ಬೆಳಕು, ಶಾಖ, ಇಂಗಾಲದ ಡೈಆಕ್ಸೈಡ್: ಇವುಗಳಲ್ಲಿ ಯಾವುದು ಕಡಿಮೆಯೋ ಅದೇ ದ್ಯುತಿಸಂಶ್ಲೇಷಣೆಯ ವೇಗಕ್ಕೆ ಕಡಿವಾಣ ಎಂದು ಸಸ್ಯವಿಜ್ಞಾನಿ ಬ್ಲ್ಯಾಕ್‌ಮನ್ 1905ರಲ್ಲೇ ಹೇಳಿದ್ದರು. 1977ರಲ್ಲಿ ವಿಜ್ಞಾನಿ ಮಾಂಟೀತ್ ಲೆಕ್ಕವನ್ನು ಹೊಲಕ್ಕಿಳಿಸಿದರು. ಬೆಳೆ ಹಿಡಿದ ಪ್ರತಿ ಮೆಗಾಜೌಲ್ (ಶಕ್ತಿಯ ಅಳತೆ) ಬಿಸಿಲಿಗೆ ಸುಮಾರು 1.4 ಗ್ರಾಂ ಒಣತೂಕ. ಸರಳ, ಸುಂದರ. ಆದರೆ ಅದು ಬ್ರಿಟನ್ನಿನ ಬಾರ್ಲಿ, ಆಲೂಗಡ್ಡೆಯ ಲೆಕ್ಕ. ಅಲ್ಲಿ ಬಿಸಿಲಿಗೆ ಬರ, ನಮ್ಮಲ್ಲಿ ನೀರಿಗೆ.

1980ರಲ್ಲಿ ಫಾರ್ಕ್ವಾರ್, ಫಾನ್ ಕೆಮರರ್, ಬೆರಿ ಎಂಬ ವಿಜ್ಞಾನಿಗಳು ಎಲೆಯೊಳಗೇ ಹೊಕ್ಕರು. ಇಂಗಾಲ ಹಿಡಿಯುವ ರುಬಿಸ್ಕೊ ಎಂಬ ಕಿಣ್ವ ಆಗಾಗ ಎಡವಿ ಆಮ್ಲಜನಕವನ್ನು ಹಿಡಿಯುತ್ತದೆ. ಸೆಕೆ ಏರಿದಷ್ಟೂ ಈ ನಷ್ಟ ಹೆಚ್ಚು. ಕಿಣ್ವದ ಮಿತಿ, ಬೆಳಕಿನ ಮಿತಿ ಎರಡನ್ನೂ ಲೆಕ್ಕಹಾಕಿ, ಕಡಿಮೆ ಬಂದದ್ದೇ ಎಲೆಯ ಗಳಿಕೆ ಎಂದರು. ಕಡಲೆಕಾಯಿ ಈ ಲೆಕ್ಕಕ್ಕೆ ಒಗ್ಗುತ್ತದೆ. ಪಕ್ಕದ ಹೊಲದ ರಾಗಿ ಒಗ್ಗದು. ಅದು ಜೋಳ, ಕಬ್ಬಿನ ಹಾಗೆ ಸಿ4 ಜಾತಿ: ಇಂಗಾಲವನ್ನು ಮೊದಲು ಒಂದೆಡೆ ಒಟ್ಟುಮಾಡಿ ಆಮೇಲೆ ರುಬಿಸ್ಕೊಗೆ ಒಪ್ಪಿಸುತ್ತದೆ, ಹಾಗಾಗಿ ಸೆಕೆಯಲ್ಲೂ ಕಡಿಮೆ ನೀರಲ್ಲೇ ದುಡಿಯುತ್ತದೆ. ಕಬ್ಬಿನಲ್ಲಿ ಈ ದಾರಿಯನ್ನು ಹ್ಯಾಚ್, ಸ್ಲ್ಯಾಕ್ 1966ರಲ್ಲೇ ವಿವರಿಸಿದ್ದರೂ ಕೊಲಾಟ್ಜ್ ತಂಡದ ಹೆಸರಾಂತ ಸಿ4 ಲೆಕ್ಕದ ಮಾದರಿ ಬಂದದ್ದು 1992ರಲ್ಲಿ.

ನಂತರದ್ದು ಉಪಗ್ರಹಗಳ ಕಾಲ. ನಾಸಾ ಉಪಗ್ರಹಗಳಲ್ಲಿರುವ ಮೋಡಿಸ್ ಉಪಕರಣದ ಸಸ್ಯೋತ್ಪಾದನೆ ನಕ್ಷೆಯಲ್ಲಿ ಒಂದು ಚೌಕದ ಬದಿ 500 ಮೀಟರ್, ಅಂದರೆ ಸುಮಾರು 62 ಎಕರೆ. ಕೋಲಾರದಲ್ಲಿ ಅಷ್ಟರೊಳಗೆ ಎಷ್ಟು ಜನರ ಜಮೀನು! ರಾಗಿ, ಅದರ ನಡುನಡುವೆ ಅಕ್ಕಡಿ ಸಾಲಿನಲ್ಲಿ ಬಿತ್ತಿದ ಅವರೆ, ಹಿಪ್ಪುನೇರಳೆ, ನೀಲಗಿರಿ ತೋಪು ಎಲ್ಲ ಸೇರಿ ಒಂದೇ ಬಣ್ಣ. ಮೇಲಾಗಿ 'ಕೃಷಿಭೂಮಿ' ಎಂಬ ಇಡೀ ವರ್ಗಕ್ಕೆ ಬೆಳಕು ಬಳಸುವ ಗರಿಷ್ಠ ದಕ್ಷತೆ ಒಂದೇ. ಸಿ3 (ಕಡಲೆಕಾಯಿಯಂಥವು), ಸಿ4 ಎಂಬ ಭೇದವಿಲ್ಲ. ಹುಲ್ಲುಗಾವಲಿಗೂ ಅಷ್ಟೇ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗ ಮೇಯುವ ಹುಲ್ಲಿಗೂ ಯುರೋಪಿನ ಚಳಿನಾಡಿನ ಹುಲ್ಲಿಗೂ ಒಂದೇ ಅಳತೆಗೋಲು.

ಇದು ಬರೀ ಪ್ರಯೋಗಾಲಯದ ತಕರಾರಲ್ಲ. ಬೆಳೆ ವಿಮೆಯ ಪರಿಹಾರ ನಿಂತಿರುವುದು ಇಳುವರಿ ಅಂದಾಜಿನ ಮೇಲೆ. ಬೆಳೆ ಕಟಾವು ಪ್ರಯೋಗದ (ಹೊಲದ ಒಂದು ತುಂಡನ್ನು ಕೊಯ್ದು ತೂಗುವುದು) ಜೊತೆಗೆ ಉಪಗ್ರಹದಂಥ ತಂತ್ರಜ್ಞಾನದ ಅಂದಾಜಿಗೂ ಶೇ 30ರಷ್ಟು ತೂಕ ಕೊಡುವ ಕ್ರಮ 2023ರಲ್ಲಿ ಶುರುವಾದದ್ದು ಭತ್ತ, ಗೋಧಿಯಿಂದ. ರಾಗಿ, ಕಡಲೆಕಾಯಿಯ ಸರದಿ ಬರುವ ಮುನ್ನ ಬೇಕಿರುವುದು ಇನ್ನೂ ಚೂಪು ಕ್ಯಾಮೆರಾ ಅಲ್ಲ. ಅಕ್ಕಡಿ ಸಾಲನ್ನು ಗುರುತಿಸುವ, ಮಣ್ಣಿನ ತೇವ ಬಲ್ಲ, ಇಲ್ಲಿನ ಕಟಾವಿನ ತೂಕದೊಂದಿಗೆ ವರ್ಷವರ್ಷವೂ ತಾಳೆ ನೋಡಿ ತಿದ್ದಿದ ಮಾದರಿ.