ಡಿದರಿಂಗ್: ಎರಡೇ ಬಣ್ಣದಲ್ಲಿ ಹಲವು ಛಾಯೆ

‘ಡಿದರ್’ ಎಂಬ ಇಂಗ್ಲಿಷ್ ಪದಕ್ಕೆ ನಡುಗು, ಹೊಯ್ದಾಡು ಎಂಬ ಅರ್ಥಗಳಿವೆ. ಕಂಪ್ಯೂಟರ್ ಗ್ರಾಫಿಕ್ಸ್‌ನಲ್ಲಿ ಡಿದರಿಂಗ್ ಎಂದರೆ, ಚಿತ್ರದ ಹೊಳಪಿನ ಏರಿಳಿತವನ್ನು ಕೆಲವೇ ಬಣ್ಣಗಳ, ಎಷ್ಟೋ ಸಲ ಕಪ್ಪು ಬಿಳುಪು ಎರಡೇ ಬಣ್ಣಗಳ ಪಿಕ್ಸೆಲ್ ವಿನ್ಯಾಸವಾಗಿ ಬದಲಿಸುವ ವಿಧಾನ. ದಿನಪತ್ರಿಕೆಯ ಕಪ್ಪು ಬಿಳುಪು ಫೋಟೊವನ್ನು ಭೂತಗನ್ನಡಿಯಲ್ಲಿ ನೋಡಿದವರಿಗೆ ಇದರ ಸುಳಿವು ಸಿಕ್ಕಿರುತ್ತದೆ. ಆದರೆ ಅದು ಹಾಫ್‌ಟೋನ್. ಅಲ್ಲಿ ಚುಕ್ಕಿಯ ಗಾತ್ರ ಹಿಗ್ಗಿ ಕುಗ್ಗುತ್ತದೆ. ಡಿದರಿಂಗ್‌ನಲ್ಲಿ ಪಿಕ್ಸೆಲ್ಲಿನ ಗಾತ್ರ ಬದಲಾಗುವುದಿಲ್ಲ, ದಟ್ಟಣೆ ಮಾತ್ರ ಬದಲಾಗುತ್ತದೆ.

ಹೊಳಪನ್ನು ಸಾಮಾನ್ಯವಾಗಿ 0ಯಿಂದ (ಕಪ್ಪು) 255ರವರೆಗೆ (ಬಿಳಿ) ಎಣಿಸುತ್ತಾರೆ. ಅದು 128ಕ್ಕಿಂತ ಕಡಿಮೆಯಿದ್ದರೆ ಕಪ್ಪು, ಇಲ್ಲವಾದರೆ ಬಿಳಿ ಎಂದು ಒಂದೇ ಗೆರೆ ಎಳೆದುಬಿಟ್ಟರೆ, ಮುಖದ ಚಿತ್ರ ಶಾಯಿ ಚೆಲ್ಲಿದಂತೆ ಕಾಣುತ್ತದೆ. ಇದಕ್ಕೆ ಕೊಡಕ್ ಸಂಸ್ಥೆಯ ಬ್ರೈಸ್ ಬೇಯರ್ 1973ರಲ್ಲಿ ಸೂಚಿಸಿದ ಪರಿಹಾರವೆಂದರೆ, ಪ್ರತಿ ಪಿಕ್ಸೆಲ್ಲಿನ ಸ್ಥಾನಕ್ಕೆ ತಕ್ಕಂತೆ ಬೇರೆಬೇರೆ ಮಿತಿ ಇಡುವುದು. ಆ ಮಿತಿಗಳ ಚೌಕ ಚಿತ್ರದುದ್ದಕ್ಕೂ ನೆಲದ ಟೈಲ್ಸ್‌ನಂತೆ ಮರುಕಳಿಸುತ್ತದೆ. 1976ರಲ್ಲಿ ರಾಬರ್ಟ್ ಫ್ಲಾಯ್ಡ್ ಮತ್ತು ಲೂಯಿಸ್ ಸ್ಟೈನ್‌ಬರ್ಗ್ ಹಿಡಿದ ದಾರಿ ಬೇರೆ. ಹೊಳಪು 100 ಇರುವ ಪಿಕ್ಸೆಲ್ ಕಪ್ಪಾಯಿತೆನ್ನಿ. ಕಳೆದುಹೋದ ಆ 100ರಲ್ಲಿ ಹದಿನಾರರ ಏಳು ಪಾಲು, ಅಂದರೆ 43.75, ಬಲಗಡೆಯ ಪಿಕ್ಸೆಲ್ಲಿಗೆ ಸೇರುತ್ತದೆ, ಉಳಿದ ಒಂಬತ್ತು ಪಾಲು 3, 5, 1ರಂತೆ ಕೆಳಸಾಲಿನ ಮೂರು ಪಿಕ್ಸೆಲ್‌ಗಳಿಗೆ ಹಂಚಿಹೋಗುತ್ತದೆ. ಬಲಗಡೆಯದೂ 100 ಆಗಿದ್ದರೆ ಈಗ ಅದು 143.75 ಆಗಿ ಬಿಳಿಯ ಕಡೆಗೆ ವಾಲುತ್ತದೆ.

ಕೋಡ್ ಬರೆಯುವಾಗ ಈ ವ್ಯತ್ಯಾಸವೇ ಮುಖ್ಯ. ಬೇಯರ್ ವಿಧಾನದಲ್ಲಿ ಪ್ರತಿ ಪಿಕ್ಸೆಲ್ ತನ್ನಷ್ಟಕ್ಕೆ ತೀರ್ಮಾನವಾಗುವುದರಿಂದ ಒಂದು ಪುಟ್ಟ ಫಂಕ್ಷನ್ (ಒಂದು ಕೆಲಸಕ್ಕೆಂದೇ ಬರೆದ ಕೋಡಿನ ತುಣುಕು) ಸಾಕು. ಫ್ಲಾಯ್ಡ್–ಸ್ಟೈನ್‌ಬರ್ಗ್‌ನಲ್ಲಿ ಹಿಂದಿನ ಪಿಕ್ಸೆಲ್‌ಗಳ ಬಾಕಿಯನ್ನು ಎಲ್ಲಾದರೂ ಬರೆದಿಡಬೇಕು. ಆದ್ದರಿಂದ ಹೊಳಪನ್ನು ಓದುವುದು, ಕಪ್ಪೋ ಬಿಳಿಯೋ ಎಂದು ತೀರ್ಮಾನಿಸುವುದು, ತೆರೆಯ ಮೇಲೆ ಬಿಡಿಸುವುದು, ಈ ಮೂರನ್ನೂ ಬೇರೆ ಫಂಕ್ಷನ್‌ಗಳಾಗಿ ಇಡುವುದೇ ಲೇಸು. ಹೊಳಪಿನ ಲೆಕ್ಕದಲ್ಲಿ ಕೆಂಪಿಗೆ 0.299, ಹಸಿರಿಗೆ 0.587, ನೀಲಿಗೆ 0.114 ತೂಕ ಕೊಡುವುದು ಹಳೆಯ ರೂಢಿ. ನಾಳೆ ಬೇರೆ ಸೂತ್ರ ಬೇಕೆನಿಸಿದರೆ ಆಗ ಮುಟ್ಟಬೇಕಾದದ್ದು ಒಂದೇ ಫಂಕ್ಷನ್. ಚುಕ್ಕಿಯ ಬದಲು ಅಕ್ಷರವನ್ನೋ ಅಡ್ಡಗೆರೆಯನ್ನೋ ಬಿಡಿಸುವ ಆಸೆಯಾದರೂ ತೀರ್ಮಾನದ ಭಾಗ ಹಾಗೇ ಉಳಿಯುತ್ತದೆ.

ಎಲ್ಲವನ್ನೂ ಒಂದೇ ಲೂಪಿನಲ್ಲಿ, ಅಂದರೆ ಪ್ರತಿ ಪಿಕ್ಸೆಲ್ಲಿಗೂ ಮರುಕಳಿಸುವ ಕೋಡಿನಲ್ಲಿ, ತುರುಕಿದಾಗ ಸಾಮಾನ್ಯವಾಗಿ ಆಗುವ ತಪ್ಪೊಂದಿದೆ. ಬ್ರೌಸರಿನಲ್ಲಿ ಚಿತ್ರ ಬಿಡಿಸುವ ಜಾಗವಾದ ಕ್ಯಾನ್ವಾಸ್ ಕೊಡುವ ಪಿಕ್ಸೆಲ್ ಅರೇ (ಸಂಖ್ಯೆಗಳ ಸಾಲುಪಟ್ಟಿ) ಸಾಮಾನ್ಯವಾಗಿ 0ಯಿಂದ 255ರವರೆಗಿನ ಪೂರ್ಣಾಂಕಗಳನ್ನಷ್ಟೇ ಇಟ್ಟುಕೊಳ್ಳುತ್ತದೆ. ಮೇಲಿನ 143.75 ಬಿಳಿಯಾದಾಗ ಬಾಕಿ −111.25, ಅದರ ಪಾಲು −48.67 ಮುಂದಿನ ಪಿಕ್ಸೆಲ್ಲಿಗೆ ಹೋಗಬೇಕು. ಆ ಪಿಕ್ಸೆಲ್ಲಿನ ಹೊಳಪು 20 ಇದ್ದರೆ −28.67 ಬರಬೇಕಾದಲ್ಲಿ ಅರೇ ಸದ್ದಿಲ್ಲದೆ 0 ಎಂದು ಬರೆದುಕೊಳ್ಳುತ್ತದೆ. ಎರರ್ ಸಂದೇಶವೇನೂ ಬರುವುದಿಲ್ಲ; ಕತ್ತಲೆಯ ಭಾಗಗಳಲ್ಲಿ ಇರಬಾರದ ಬಿಳಿ ಚುಕ್ಕಿಗಳು ಉದುರಿರುತ್ತವೆ, ಅಷ್ಟೆ. ಹೊಳಪಿನ ಪ್ರತಿಯನ್ನು ಪ್ರತ್ಯೇಕವಾದ ದಶಮಾಂಶ ಸಂಖ್ಯೆಗಳ ಅರೇಯಲ್ಲಿ ಇಟ್ಟುಕೊಂಡರೆ ಈ ಸೋರಿಕೆ ನಿಲ್ಲುತ್ತದೆ.

ಹಾಗೆಂದು ಬಾಕಿ ಪೂರ್ತಿ ಸಲ್ಲಲೇಬೇಕೆಂಬ ನಿಯಮವೂ ಇಲ್ಲ. ಆಪಲ್‌ನ ಮ್ಯಾಕಿಂಟಾಷ್ ಕಂಪ್ಯೂಟರ್ ತಂಡದ ಬಿಲ್ ಆಟ್ಕಿನ್ಸನ್ ರೂಪಿಸಿದ ವಿಧಾನದಲ್ಲಿ ಆರು ಪಿಕ್ಸೆಲ್‌ಗಳಿಗೆ ಎಂಟರ ಒಂದು ಪಾಲಿನಂತೆ ಕೊಟ್ಟು, ಉಳಿದ ಎರಡು ಪಾಲನ್ನು ಬೇಕೆಂದೇ ಬಿಟ್ಟುಬಿಡುತ್ತಾರೆ. 1984ರ ಆ ಯಂತ್ರದ 512×342 ಪಿಕ್ಸೆಲ್‌ಗಳ ತೆರೆಯಲ್ಲಿ ಇದ್ದದ್ದು ಕಪ್ಪು ಬಿಳುಪು ಮಾತ್ರ. ಈ ವಿಧಾನದಲ್ಲಿ ತೀರಾ ಕತ್ತಲೆಯ ಮತ್ತು ತೀರಾ ಬೆಳಕಿನ ಭಾಗಗಳ ವಿವರ ಅಳಿಸಿಹೋಗುತ್ತದೆ, ಅದಕ್ಕೆ ಪ್ರತಿಯಾಗಿ ನಡುವಿನ ಛಾಯೆಗಳು ಹೆಚ್ಚು ಸ್ಪಷ್ಟವಾಗಿ ಎದ್ದು ಕಾಣುತ್ತವೆ.