ಕೋವಿಯ ಪರವಾನಗಿ ಮತ್ತು ಮನೋವೈದ್ಯರ ಚೀಟಿ

ಸಂಪಾಜೆಯಲ್ಲಿ ಕೊಡಗು ಮುಗಿದು ಸುಳ್ಯ ತಾಲ್ಲೂಕು ಶುರುವಾಗುತ್ತದೆ. ಗಡಿಯ ಆಚೆ ಕೊಡವರು ಮತ್ತು ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರು ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳಬಹುದು. ಬ್ರಿಟಿಷರ ಕಾಲದ ಆ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿತು. ಈಚೆ, ಅಡಿಕೆ ತೋಟಕ್ಕೆ ನುಗ್ಗುವ ಕಾಡುಹಂದಿಯನ್ನು ಬೆದರಿಸಲು ನಳಿಗೆಯ ಬಾಯಿಂದ ಮದ್ದು ತುಂಬುವ ಒಂದು ಕೇಪಿನ ಕೋವಿ ಬೇಕೆಂದರೂ ಅರ್ಜಿ ಹಾಕಬೇಕು, ಠಾಣೆಯ ವರದಿ ಬರಬೇಕು, ಜೊತೆಗೆ ತಲೆ ಸರಿಯಿದೆ ಎಂದು ವೈದ್ಯರು ಬರೆದುಕೊಡಬೇಕು. ಹಂದಿ ಮಾತ್ರ ಎರಡೂ ಕಡೆ ಒಂದೇ.

ವೈದ್ಯರ ಈ ಚೀಟಿ ಬಂದ ದಾರಿ ಉದ್ದವಾಗಿದೆ. 1878ರ ಶಸ್ತ್ರಾಸ್ತ್ರ ಕಾಯಿದೆಗೆ ಪ್ರಜೆಗಳ ಮನಸ್ಸಿನ ಆರೋಗ್ಯಕ್ಕಿಂತ ಅವರ ರಾಜನಿಷ್ಠೆಯೇ ಮುಖ್ಯವಾಗಿತ್ತು. ಸ್ವಾತಂತ್ರ್ಯಾನಂತರದ 1959ರ ಕಾಯಿದೆ ರೈತನ ಮಟ್ಟಿಗೆ ಉದಾರವೇ ಆಗಿತ್ತು: ಬೆಳೆ ರಕ್ಷಣೆಗೆ ಕೇಪಿನ ಕೋವಿ ಕೇಳಿದವನ ಅಗತ್ಯ ನಿಜವಾಗಿದ್ದರೆ ಪರವಾನಗಿ ಕೊಡಬೇಕೆಂದು ಅದರ 13ನೇ ಕಲಮು ಹೇಳುತ್ತದೆ. ಆದರೆ 14ನೇ ಕಲಮಿನ ಪ್ರಕಾರ ಅಸ್ವಸ್ಥಚಿತ್ತರಿಗೆ ಪರವಾನಗಿ ನಿರಾಕರಿಸಬೇಕು. 17ನೇ ಕಲಮಿನಡಿ, ಅಧಿಕಾರಿಗೆ ಹಾಗೆಂದು ಮನವರಿಕೆಯಾದರೆ ಕೊಟ್ಟದ್ದನ್ನೂ ರದ್ದು ಮಾಡಬಹುದು. ಆಗ ಮಾನಸಿಕ ಕಾಯಿಲೆಗೆ ಅನ್ವಯಿಸುತ್ತಿದ್ದುದು 1912ರ ಹುಚ್ಚರ ಕಾಯಿದೆ. ಖಿನ್ನತೆಗೆ ಮಾತ್ರೆ ನುಂಗುತ್ತ, ಬೆಳಿಗ್ಗೆ ಎದ್ದು ತೋಟಕ್ಕೆ ನೀರು ಬಿಡುವ ಮನುಷ್ಯ ಆ ಎರಡು ಕಾಯಿದೆಗಳ ಕಲ್ಪನೆಯಲ್ಲೇ ಇರಲಿಲ್ಲ.

2016ರ ಶಸ್ತ್ರಾಸ್ತ್ರ ನಿಯಮಗಳು ಎಸ್-3 ಎಂಬ ನಮೂನೆಯನ್ನು ತಂದವು. ಅರ್ಜಿದಾರನ ದೈಹಿಕ, ಮಾನಸಿಕ ಆರೋಗ್ಯದ ಬಗ್ಗೆಯೂ ಅವನು ಮಾದಕ ವಸ್ತುಗಳ ದಾಸನಲ್ಲ ಎಂಬುದಕ್ಕೂ ವೈದ್ಯರು ಸಹಿ ಹಾಕಬೇಕು. ಮರುವರ್ಷವೇ ಸಂಸತ್ತು ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯನ್ನು ಅಂಗೀಕರಿಸಿತು, ಮತ್ತು ಅದು ಬೇರೆಯೇ ದಿಕ್ಕಿಗೆ ಹೊರಟಿತು. ಕಾಯಿಲೆಯಿದೆ ಎಂದ ಮಾತ್ರಕ್ಕೆ ಯಾರನ್ನೂ ಅಸ್ವಸ್ಥಚಿತ್ತರೆಂದು ತಿಳಿಯುವಂತಿಲ್ಲ, ಅದನ್ನು ನ್ಯಾಯಾಲಯ ಘೋಷಿಸಬೇಕು ಎಂದು ಅದರ 3ನೇ ಕಲಮು ಹೇಳಿತು. 23ನೇ ಕಲಮು ಚಿಕಿತ್ಸೆಯ ವಿವರವನ್ನು ಗೋಪ್ಯವಾಗಿಡಿಸುವ ಹಕ್ಕನ್ನು ರೋಗಿಗೆ ಕೊಟ್ಟಿತು. ಅದೇ 2017ರ ಆಗಸ್ಟಿನಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಕೋವಿ ಹಿಡಿಯುವುದು ನಮ್ಮಲ್ಲಿ ಅಂಥ ಹಕ್ಕಲ್ಲ. ಹಾಗಾಗಿ ಶಸ್ತ್ರಾಸ್ತ್ರ ಕಾಯಿದೆಯೂ ಮಾನಸಿಕ ಆರೋಗ್ಯ ಕಾಯಿದೆಯೂ ಮುಖಾಮುಖಿಯಾದಾಗ ಗೋಪ್ಯತೆಯ ತೂಕ ಹೆಚ್ಚಿರಬೇಕಿತ್ತು. ಕಡತದಲ್ಲಿ ಹಾಗೆ ಕಾಣುವುದಿಲ್ಲ, ಏಕೆಂದರೆ ಅರ್ಜಿದಾರನೇ ಎಸ್-3 ತಂದುಕೊಡುತ್ತಾನೆ. ಗುಟ್ಟನ್ನು ಯಾರೂ ಬಲವಂತವಾಗಿ ಕಿತ್ತುಕೊಳ್ಳಬೇಕಾಗಿಲ್ಲ.

ನನ್ನ ತಕರಾರು ಇರುವುದು ಇಲ್ಲಿ. ಸಹಿ ಹಾಕುವವರು ಮನೋವೈದ್ಯರೇ ಆಗಿರಬೇಕಿಲ್ಲ, ಅರ್ಜಿದಾರನನ್ನು ಮೊದಲೇ ಬಲ್ಲವರೂ ಆಗಿರಬೇಕಿಲ್ಲ. ಮಣಿಪಾಲದಲ್ಲೋ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲೋ ಚಿಕಿತ್ಸೆ ಪಡೆಯುತ್ತಿರುವವನು ಅದನ್ನು ಬಾಯಿಬಿಡದಿದ್ದರೆ ಚೀಟಿ ಸಿಗುತ್ತದೆ. ಪ್ರಾಮಾಣಿಕವಾಗಿ ಹೇಳಿಕೊಂಡವನು ಸಿಕ್ಕಿಬೀಳುತ್ತಾನೆ. ನಿದ್ದೆ ಬಾರದೆ ವೈದ್ಯರ ಬಳಿ ಹೋಗಬೇಕೆಂದುಕೊಂಡವನು, ಅಜ್ಜನ ಕಾಲದ ಕೋವಿ ಕೈತಪ್ಪೀತು ಎಂದು ಹೋಗದೆ ಉಳಿದರೆ ನಷ್ಟ ಯಾರಿಗೆ? ಊರಿನಲ್ಲಿ ಯಾರಾದರೂ ನೋಡಿಯಾರೆಂದು ದೂರದ ಪೇಟೆಯ ಮನೋವೈದ್ಯರನ್ನು ಹುಡುಕುವ ಅಭ್ಯಾಸ ಕರಾವಳಿಯಲ್ಲಿ ಮೊದಲೇ ಇದೆ.

ಅಮೆರಿಕದಲ್ಲಿ ಈ ಜಗಳ ದೊಡ್ಡದು. ಅಲ್ಲಿಯ 1968ರ ಕೋವಿ ಕಾಯಿದೆ ಆಸ್ಪತ್ರೆಗೆ ಬಲವಂತದ ದಾಖಲಾತಿಯನ್ನೂ ನ್ಯಾಯಾಲಯದಂಥ ಸಂಸ್ಥೆಗಳ ತೀರ್ಮಾನವನ್ನೂ ಮಾತ್ರ ಅಡ್ಡಿಯೆಂದು ಪರಿಗಣಿಸುತ್ತದೆ. ಸ್ವಇಚ್ಛೆಯಿಂದ ಪಡೆದ ಚಿಕಿತ್ಸೆಯನ್ನಲ್ಲ. 2007ರಲ್ಲಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ 32 ಮಂದಿಯನ್ನು ಕೊಂದವನ ಬಗ್ಗೆ ನ್ಯಾಯಾಲಯದ ಆದೇಶವಿದ್ದರೂ ಅದು ಕೋವಿ ಮಾರಾಟದ ತಪಾಸಣಾ ಪಟ್ಟಿಗೆ ಸೇರಿರಲಿಲ್ಲ. ಅಲ್ಲಿಂದೀಚೆಗೆ ದಾಖಲೆಗಳನ್ನು ಪಟ್ಟಿಗೆ ಸೇರಿಸುವ ಒತ್ತಡ ಹೆಚ್ಚಿತು. ನಮ್ಮಲ್ಲಿ ಪರವಾನಗಿಗಳ ರಾಷ್ಟ್ರೀಯ ದತ್ತಾಂಶವೂ ಇದೆ, 2020ರಲ್ಲಿ ಕರ್ನಾಟಕ ಆರಂಭಿಸಿದ ಇ-ಮನಸ್ ಎಂಬ ಮಾನಸಿಕ ಆರೋಗ್ಯ ದಾಖಲೆ ವ್ಯವಸ್ಥೆಯೂ ಇದೆ. ಎರಡನ್ನೂ ಜೋಡಿಸಿಬಿಡಿ ಎಂದು ಯಾರಾದರೂ ಸಲಹೆ ಕೊಟ್ಟರೆ ಮೊದಲು ಖಾಲಿಯಾಗುವುದು ಮನೋವೈದ್ಯರ ಹೊರರೋಗಿ ವಿಭಾಗ.

ಹಾಗೆಂದು ಅಪಾಯ ಸುಳ್ಳಲ್ಲ. ನಮ್ಮ ದೇಶದ ಆತ್ಮಹತ್ಯೆಗಳಲ್ಲಿ ನೇಣು ಮತ್ತು ವಿಷದ ಪಾಲು ದೊಡ್ಡದು, ಕೋವಿಯ ಪಾಲು ತೀರಾ ಸಣ್ಣದು. ತೋಟದ ಮನೆಯಲ್ಲಿ ಕೋವಿಯ ತೋಟೆಗಿಂತ ಕೀಟನಾಶಕದ ಬಾಟಲಿ ಬೇಗ ಕೈಗೆ ಸಿಗುತ್ತದೆ. ಆದರೂ ತುಂಬಿದ ಕೋವಿ ಎರಡನೆಯ ಯೋಚನೆಗೆ ಸಮಯ ಕೊಡುವುದಿಲ್ಲ. ಮಾನಸಿಕ ಆರೋಗ್ಯ ಕಾಯಿದೆಯ 23ನೇ ಕಲಮು ಇದನ್ನು ಮರೆತಿಲ್ಲ: ಜೀವಕ್ಕೆ ಅಪಾಯವಿದ್ದರೆ, ಇನ್ನೊಬ್ಬರಿಗೆ ಹಿಂಸೆ ಆಗುವಂತಿದ್ದರೆ ವೈದ್ಯರು ಗೋಪ್ಯತೆ ಮುರಿಯಬಹುದು, ಆ ಅಪಾಯ ತಡೆಯಲು ಬೇಕಾದಷ್ಟನ್ನು ಮಾತ್ರ ಹೇಳಬಹುದು.

ಕೋವಿಯನ್ನು ಕೆಲಕಾಲ ದೂರವಿಡುವ ರೂಢಿಯೂ ನಮಗೆ ಹೊಸದಲ್ಲ. ಚುನಾವಣೆ ಬಂತೆಂದರೆ ದಕ್ಷಿಣ ಕನ್ನಡ, ಉಡುಪಿಯ ರೈತರು ಗೊಣಗುತ್ತಲೇ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಟ್ಟು ರಸೀದಿ ಪಡೆಯುತ್ತಾರೆ, ಮತ ಎಣಿಕೆ ಮುಗಿದ ಮೇಲೆ ಮರಳಿ ತರುತ್ತಾರೆ. ಪರವಾನಗಿ ಹಾಗೆಯೇ ಇರುತ್ತದೆ. ಚಿಕಿತ್ಸೆಯ ತಿಂಗಳುಗಳಲ್ಲಿ ಮನೆಯವರು ಕೋವಿಯನ್ನು ಠಾಣೆಯಲ್ಲೋ ಪರವಾನಗಿ ಹೊಂದಿದ ವ್ಯಾಪಾರಿಯ ಬಳಿಯೋ ಇಡಲು ಇದೇ ಕ್ರಮ ಸಾಕು. ರದ್ದಿನ ಭಯವಿಲ್ಲ ಎಂಬ ಭರವಸೆಯನ್ನು ಜಿಲ್ಲಾಧಿಕಾರಿ ಕೊಡಬೇಕು, ಮಂಗಳೂರು ನಗರದಲ್ಲಾದರೆ ಪೊಲೀಸ್ ಆಯುಕ್ತರು. ರಸೀದಿಯಲ್ಲಿ ಕಾರಣ ಬರೆಯುವ ಜಾಗವೇ ಬೇಡ.