ಕೆಪಿ ಇಂಡೆಕ್ಸ್ ಅಂದ್ರೆ ಮಾರ್ಕ್ಸ್ ಅಲ್ಲ

ನಾರ್ದರ್ನ್ ಲೈಟ್ಸ್ (ಧ್ರುವದ ಕಡೆ ರಾತ್ರಿ ಆಕಾಶದಲ್ಲಿ ಕುಣಿಯೋ ಬೆಳಕು, ಧ್ರುವಪ್ರಭೆ ಅಥವಾ ಅರೋರಾ ಅಂತಾರಲ್ಲ ಅದು) ಬೆನ್ನುಹತ್ತಿರೋರ ಬಾಯಲ್ಲಿ ದಿನಾ ಬರೋ ಪದ ಇದು. "ಇವತ್ತು ಕೆಪಿ 5 ಅಂತೆ, ಹೊರಡೋಣ" ಅಂದ್ರೆ ಹೊಸಬ್ರು ಹತ್ತಕ್ಕೆ ಐದು ಮಾರ್ಕ್ಸ್ ಅನ್ಕೊಂಡು ಅಷ್ಟೇನಾ ಅಂತಾರೆ, ಆದ್ರೆ 5 ಅಂದ್ರೆ ಆಗ್ಲೇ ಭೂಮಿಯ ಕಾಂತಕ್ಷೇತ್ರದಲ್ಲಿ ಸ್ಟಾರ್ಮ್ ಶುರುವಾಗಿದೆ ಅಂತ ಲೆಕ್ಕ.

ಸೌರಮಾರುತ, ಅಂದ್ರೆ ಸೂರ್ಯನಿಂದ ಹರಿದು ಬರೋ ವಿದ್ಯುತ್ ಕಣಗಳು, ಬಡಿದಾಗ ಭೂಮಿಯ ಕಾಂತಕ್ಷೇತ್ರ ಅಲ್ಲಾಡುತ್ತೆ, ಬೇರೆ ಬೇರೆ ದೇಶಗಳಲ್ಲಿರೋ 13 ವೀಕ್ಷಣಾಲಯಗಳು ಅದನ್ನ ಅಳೀತವೆ, ಮೂರು ಮೂರು ಗಂಟೆಗೆ ಎಲ್ಲಾ ಸೇರಿಸಿ 0ಯಿಂದ 9ರ ತನಕ ಒಂದು ನಂಬರ್ ಕೊಡ್ತಾರೆ, ಅದೇ ಕೆಪಿ. 1949ರಲ್ಲಿ ಇದನ್ನ ತಂದಿದ್ದು ಜರ್ಮನಿಯ ಜೂಲಿಯಸ್ ಬಾರ್ಟೆಲ್ಸ್. ಪಿ ಅಂದ್ರೆ ಇಡೀ ಗ್ರಹದ್ದು ಅಂತ, ಯಾವುದೋ ಒಂದು ಊರಿನ ಆಕಾಶದ್ದಲ್ಲ. ಎಡವೋದೇ ಇಲ್ಲಿ.

ನಂಬರ್ ಏರಿದಷ್ಟೂ ಉತ್ತರ ಧ್ರುವದ ಸುತ್ತ ಇರೋ ಧ್ರುವಪ್ರಭೆಯ ಬಳೆ ಅಗಲ ಆಗಿ ದಕ್ಷಿಣಕ್ಕೆ ಇಳಿಯುತ್ತೆ. 2024ರ ಮೇನಲ್ಲಿ ಕೆಪಿ 9 ಮುಟ್ಟಿದಾಗ ಫ್ಲೋರಿಡಾದಲ್ಲೂ ಕಾಣಿಸ್ತು. ನಾರ್ವೆಯ ಟ್ರಾಮ್ಸೋ ಅಂತೂ ಆ ಬಳೆಯ ಕೆಳಗೇ ಇದೆ, ಅಲ್ಲಿ 2 ಇದ್ರೂ ಧಾರಾಳ, ಕೆಪಿ ಕಮ್ಮಿ ಅಂತ ರೂಮಲ್ಲಿ ಮಲಗಿದ್ರೆ ನಷ್ಟ ನಿಮ್ಮದೇ.

ಇನ್ನೊಂದು, ಇದು ಮೂರು ಗಂಟೆಯ ಲೆಕ್ಕ. ನಿಜವಾದ ಕುಣಿತ ಹತ್ತು ಹದಿನೈದು ನಿಮಿಷದಲ್ಲಿ ಮುಗಿದು ಹೋಗಿರಬಹುದು. ಹಾಗಾಗಿ ಪಳಗಿದೋರು ಬಿಝಡ್ ನೋಡ್ತಾರೆ, ಅಂದ್ರೆ ಸೌರಮಾರುತ ಹೊತ್ತು ತರೋ ಕಾಂತಕ್ಷೇತ್ರ ಉತ್ತರಕ್ಕಿದೆಯೋ ದಕ್ಷಿಣಕ್ಕಿದೆಯೋ ಅಂತ ಹೇಳೋ ನಂಬರ್, ಅದು ಮೈನಸ್ ಆಗಿ ದಕ್ಷಿಣಕ್ಕೆ ತಿರುಗಿದ್ರೆ ಸೌರಮಾರುತಕ್ಕೆ ಬಾಗಿಲು ತೆಗೆದ ಹಾಗೆ. ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿಲೋಮೀಟರ್ ದೂರದಲ್ಲಿರೋ ಉಪಗ್ರಹಗಳು ಇದನ್ನ ಅಳೆದು ಹೇಳೋದ್ರಿಂದ ಸಾಮಾನ್ಯವಾಗಿ ಅರ್ಧ ಮುಕ್ಕಾಲು ಗಂಟೆ ಮುಂಚೆ ಸುಳಿವು ಸಿಗುತ್ತೆ.

ಮೋಡ, ಹುಣ್ಣಿಮೆ, ಬೀದಿ ದೀಪ ಇದ್ಯಾವುದೂ ಕೆಪಿಗೆ ಗೊತ್ತಿಲ್ಲ! ಅದೇ ನಂಬರ್‌ಗೆ ಸಿಟಿಯಲ್ಲಿ ಏನೂ ಕಾಣದೇ ಇರಬಹುದು, ಹಳ್ಳಿ ಕಡೆಯ ಕತ್ತಲಲ್ಲಿ ಉತ್ತರದ ಅಂಚಿಗೆ ಒಂದು ಮಂಕಾದ ಕಮಾನು ಸಿಗಬಹುದು. ಕಣ್ಣು ಕತ್ತಲಿಗೆ ಹೊಂದ್ಕೊಳ್ಳೋಕೆ 20-30 ನಿಮಿಷ ಬೇಕು, ಮಧ್ಯೆ ಕೆಪಿ ಎಷ್ಟಾಯ್ತು ಅಂತ ಫೋನ್ ತೆಗೆದ್ರೋ, ಮತ್ತೆ ಮೊದಲಿಂದ ಶುರು 😀

ಮಂಕಾಗಿದ್ದಾಗ ಹಸಿರು ಅಂತ ಗೊತ್ತೇ ಆಗಲ್ಲ, ಬೂದು ಬಣ್ಣದ ಮೋಡದ ಥರ ಕಾಣುತ್ತೆ. ಆಗ ನಕ್ಷತ್ರ ನೋಡಿ. ದಪ್ಪ ಮೋಡ ಆದ್ರೆ ಅವನ್ನ ನುಂಗಿರುತ್ತೆ, ಅರೋರಾ ಆದ್ರೆ ಅದರ ಒಳಗಿಂದಲೇ ಮಿನುಗ್ತಿರ್ತವೆ.